ಪರರ ಕಥೆಯೆಂಬ ನ್ಯಾಸ

ಸತ್ಯಾಣುವ್ರತವೆಂದರೆ ಸುಳ್ಳು ಹೇಳದಿರುವುದು ಎಂದಷ್ಟೇ ಬಹುಮಂದಿ ಶ್ರಾವಕರು ತಿಳಿದಿರುತ್ತಾರೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಎರಡು, ನಿಜವನ್ನೇ ನುಡಿದವನಿಗೂ ತಗಲುವಂಥವು. ಅನ್ಯರು ಏಕಾಂತದಲ್ಲಿ ಆಡಿದ್ದನ್ನು, ಆಚರಿಸಿದ್ದನ್ನು ಹೊರಗೆ ಹಾಕುವುದು ರಹೋಭ್ಯಾಖ್ಯಾನ. ಅನ್ಯರ ಮುಖಚರ್ಯೆಯಿಂದ, ಹುಬ್ಬಿನ ಚಲನೆಯಿಂದ ಅಂತರಂಗವನ್ನು ಊಹಿಸಿ ಅದನ್ನು ಬಯಲುಮಾಡುವುದು ಸಾಕಾರಮಂತ್ರಭೇದ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನು ಗೃಹಸ್ಥನು ತಾನೂ ನುಡಿಯಬಾರದು, ಇತರರಿಂದ ನುಡಿಸಲೂ ಬಾರದು ಎಂದು ವಿಧಿಸಿದ್ದಾರೆ. ‘ನಡೆದದ್ದನ್ನೇ ಬರೆದಿದ್ದೇವೆ’ ಎಂಬುದು ಇಂದಿನ ಪತ್ರಿಕಾವೃತ್ತಿಯಲ್ಲಿ ಸಂಪೂರ್ಣ ಸಮರ್ಥನೆ. ಜಿನಾಗಮದ ದೃಷ್ಟಿಯಲ್ಲಿ ಅದು ವಿಚಾರಣೆಯ ಪ್ರಾರಂಭ ಮಾತ್ರ.

ಈ ವಿಚಾರಣೆಗೆ ದೋಣಿಮಲೈಗಿಂತ ಯೋಗ್ಯವಾದ ಸ್ಥಳ ಕರ್ನಾಟಕದಲ್ಲಿ ವಿರಳ. ಹಂಪಿಯಲ್ಲಿ ಇರುಗಪ್ಪ ದಂಡನಾಯಕನು 1385ರಲ್ಲಿ ಕಟ್ಟಿಸಿದ ಕುಂಥು ಜಿನನಾಥರ ಚೈತ್ಯಾಲಯವನ್ನು, ಜನರ ಬಾಯಲ್ಲಿ ಗಾಣಗಿತ್ತಿ ಗುಡಿಯೆನಿಸಿದ ಆ ಬಸದಿಯನ್ನು ದರ್ಶಿಸಿ ಹೊಸಪೇಟೆಯ ಮೂಲಕ ಸಂಡೂರಿನ ಕಡೆಗೆ ತಿರುಗಿದ ಯಾತ್ರಿಕರಿಗೆ ಕೆಂಪು ಬೆಟ್ಟಗಳ ಸಾಲು ಎದುರಾಗುತ್ತದೆ. ಆ ಸಾಲಿನಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ದೋಣಿಮಲೈ ಗಣಿ 1977ರಿಂದ ಅದಿರು ತೆಗೆಯುತ್ತ ಬಂದಿದೆ. ಅದರ ಮಗ್ಗುಲಲ್ಲೇ ನೌಕರರ ವಸತಿನಗರ ಬೆಳೆದಿದೆ. ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸುತ್ತಲಿನ ಖಾಸಗಿ ಗಣಿಗಳೂ ಗಣಿಯಲ್ಲದ ಹೊಲಗಳೂ ಒಂದೇ ಸಮನೆ ಅಗೆಯಲ್ಪಟ್ಟವು. ಲಾರಿಗಳ ಹಿಂದೆಯೇ ಪತ್ರಕರ್ತರೂ ಬಂದರು. ಊರೂರುಗಳಿಂದ ಬಂದ ಛಾಯಾಗ್ರಾಹಕರು, ವಾಹಿನಿಗಳವರು, ಸಾಕ್ಷ್ಯಚಿತ್ರ ತಯಾರಕರು ಸಂಡೂರಿನ ಹಳ್ಳಿಗಳಲ್ಲಿ ಮನೆಮನೆಯ ಕಥೆಗಳನ್ನು ಕೇಳಿದರು.

ಅವರ ಕೆಲಸದಿಂದ ನಾಡಿಗೆ ಆದ ಉಪಕಾರವನ್ನು ಮರೆತು ಮಾತನಾಡುವುದು ಕೃತಘ್ನತೆಯಾದೀತು. ಪತ್ರಿಕೆಗಳ ವರದಿಗಳು, ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು 2009ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಅರ್ಜಿ, ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಲೋಕಾಯುಕ್ತರಾಗಿ ಜುಲೈ 2011ರಲ್ಲಿ ಸಲ್ಲಿಸಿದ ಎರಡನೆಯ ವರದಿ, ಇವೆಲ್ಲ ಒಂದನ್ನೊಂದು ಬಲಪಡಿಸಿದವು. ಅದೇ ತಿಂಗಳ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನ್ಯಾಯಾಲಯ ತಡೆಯಿತು. ಏಪ್ರಿಲ್ 2013ರ ತೀರ್ಪಿನಲ್ಲಿ ಗಂಭೀರ ಅಕ್ರಮಗಳ ವರ್ಗಕ್ಕೆ ಸೇರಿದ ಗುತ್ತಿಗೆಗಳನ್ನು ರದ್ದುಪಡಿಸಿತು. ಈ ಇಡೀ ಪ್ರಕರಣದಲ್ಲಿ ಬಯಲಾದ ರಹಸ್ಯಗಳು ಯಾವುವು? ರಹದಾರಿಯಲ್ಲಿ ಬರೆದ ತೂಕಕ್ಕಿಂತ ಹೆಚ್ಚು ಹೊತ್ತ ಲಾರಿಗಳು, ಗಡಿಗಲ್ಲನ್ನು ದಾಟಿದ ಅಗೆತ, ಸರ್ಕಾರ ವಶಪಡಿಸಿಕೊಂಡು ಬೇಲೆಕೇರಿ ಬಂದರಿನಲ್ಲಿ ಇರಿಸಿದ್ದ ಅದಿರು 2010ರಲ್ಲಿ ಕಾಣೆಯಾದದ್ದು. ಇವು ಯಾರ ಏಕಾಂತವೂ ಅಲ್ಲ. ಹೀನಾಧಿಕಮಾನೋನ್ಮಾನ ಎಂದರೆ ಕಳ್ಳತೂಕ ಕಳ್ಳ ಅಳತೆ, ವಿರುದ್ಧರಾಜ್ಯಾತಿಕ್ರಮ ಎಂದರೆ ರಾಜ್ಯದ ಕಟ್ಟಳೆಯನ್ನು ಮೀರಿದ ವ್ಯಾಪಾರ; ಇವೆರಡನ್ನೂ ಆಚಾರ್ಯರು ಅಚೌರ್ಯವ್ರತದ ಅತಿಚಾರಗಳೆಂದು ಹೆಸರಿಸಿದ್ದಾರೆ. ಅಂಥವನ್ನು ಬೆಳಕಿಗೆ ತರುವವನಿಗೆ ರಹೋಭ್ಯಾಖ್ಯಾನದ ದೋಷ ತಗಲುವುದಿಲ್ಲ. ಎಲ್ಲರ ಸೊತ್ತಿನ ಲೆಕ್ಕ ಎಲ್ಲರಿಗೂ ತಿಳಿಯತಕ್ಕದ್ದೇ.

ಪ್ರಶ್ನೆ ಏಳುವುದು ಇನ್ನೊಂದು ಬಗೆಯ ಬರಹದಲ್ಲಿ. ದಾಖಲೆಗಳು ಓದುಗರ ಮನಸ್ಸನ್ನು ಕರಗಿಸುವುದಿಲ್ಲವೆಂದು ಪತ್ರಿಕೆಗಳು ಒಂದು ಮುಖವನ್ನು ಹುಡುಕುತ್ತವೆ. ಅದಿರಿನ ಗುಡ್ಡೆಯ ಮೇಲೆ ಕುಳಿತು ಸುತ್ತಿಗೆ ಹಿಡಿದ, ಮೈಯೆಲ್ಲ ಕೆಂಧೂಳು ಮೆತ್ತಿದ ಮಗುವಿನ ಚಿತ್ರ ಆ ವರ್ಷಗಳಲ್ಲಿ ಮತ್ತೆ ಮತ್ತೆ ಅಚ್ಚಾಯಿತು. ಆ ಚಿತ್ರ ಬಾಲದುಡಿಮೆಯ ವಿರುದ್ಧ ನೂರು ಸಂಪಾದಕೀಯಗಳಿಗಿಂತ ಬಲವಾಗಿ ಮಾತನಾಡಿತೆಂಬುದು ನಿಜ. ಆದರೆ ಲಾರಿಯ ಒಡೆಯನ ಗುಟ್ಟು ಬಯಲಾದದ್ದು ಕಾಗದಗಳಿಂದ. ಮಗುವಿನ ಬಡತನ ಬಯಲಾದದ್ದು ಅದರ ಮುಖದಿಂದ. ಬಲವಂತನ ಪರವಾಗಿ ವಕೀಲರು ಪ್ರತಿ ಅಕ್ಷರವನ್ನು ತೂಗಿದರು. ಮಗುವಿನ ಪರವಾಗಿ ತೂಗುವವರು ಇರಲಿಲ್ಲ. ಮಗು ಬೆಳೆದು ಗೃಹಸ್ಥನಾದ ಮೇಲೂ ಚಿತ್ರದಲ್ಲಿ ಮಗುವಾಗಿಯೇ ಉಳಿಯುತ್ತದೆ, ಧೂಳು ತೊಳೆಯದೆ. ಇದೇ ಸೀಮೆಯ ಹೊಸಪೇಟೆ, ಸಂಡೂರು, ಕೂಡ್ಲಿಗಿಗಳಲ್ಲಿ ದೇವದಾಸಿ ಪದ್ಧತಿಗೆ ಬಲಿಯಾದ ಹೆಂಗಸರ ವಿಷಯದಲ್ಲಿಯೂ ಹೀಗೆಯೇ. ಪದ್ಧತಿಯನ್ನು ನಿಷೇಧಿಸುವ ಶಾಸನ 1982ರಲ್ಲಿ ಬಂತು. 1993-94ರಲ್ಲಿ ಮತ್ತು 2007-08ರಲ್ಲಿ ರಾಜ್ಯ ಸರ್ಕಾರ ಸಮೀಕ್ಷೆ ನಡೆಸಿತು. ಸಮೀಕ್ಷೆಯವರು ಎಣಿಸಿ ಹೋದರು. ಕಥೆ ಬೇಕಾದವರು ಮಾತ್ರ ಇಂದಿಗೂ ಬರುತ್ತಲೇ ಇದ್ದಾರೆ. ‘ನಿಮ್ಮನ್ನು ಬಿಟ್ಟದ್ದು ಎಷ್ಟನೆಯ ವಯಸ್ಸಿನಲ್ಲಿ?’ ಎಂಬುದೇ ಅವರ ಮೊದಲ ಪ್ರಶ್ನೆ.

ಈ ಬಗೆಯ ಬರಹದ ಉತ್ತಮ ಮಾದರಿಯೊಂದನ್ನೇ ಪರೀಕ್ಷೆಗೆ ತೆಗೆದುಕೊಳ್ಳುವುದು ನ್ಯಾಯ. ಕಳಪೆಯದನ್ನು ಖಂಡಿಸುವುದು ಸುಲಭ. ವಿಲಿಯಂ ಡಾಲ್ರಿಂಪಲ್ ಅವರ ‘ನೈನ್ ಲೈವ್ಸ್’ ಎಂಬ ಆಂಗ್ಲ ಗ್ರಂಥ 2009ರಲ್ಲಿ ಪ್ರಕಟವಾಯಿತು. ಧರ್ಮಮಾರ್ಗದಲ್ಲಿರುವ ಒಂಬತ್ತು ಮಂದಿಯ ಜೀವನವನ್ನು ಒಂಬತ್ತು ಅಧ್ಯಾಯಗಳಲ್ಲಿ, ಬಹುಮಟ್ಟಿಗೆ ಅವರ ಮಾತುಗಳಲ್ಲಿಯೇ ನಿರೂಪಿಸುವ ಗ್ರಂಥವಿದು. ಅವುಗಳಲ್ಲಿ ಎರಡು ಅಧ್ಯಾಯಗಳು ಕನ್ನಡ ನಾಡಿಗೆ ಸಂಬಂಧಿಸಿದವು. ಒಂದು, ಯಲ್ಲಮ್ಮನಿಗೆ ಬಿಡಲ್ಪಟ್ಟ ದೇವದಾಸಿಯರದು. ಇನ್ನೊಂದು, ಗ್ರಂಥದ ಮೊದಲ ಅಧ್ಯಾಯವೇ ಆಗಿರುವುದು, ಶ್ರವಣಬೆಳಗೊಳದಲ್ಲಿ ಲೇಖಕರು ಕಂಡ ದಿಗಂಬರ ಮಾತಾಜಿಯೊಬ್ಬರದು. ಲೇಖಕರು ಮುನ್ನುಡಿಯಲ್ಲಿ ತಾವು ನೆರಳಿನಲ್ಲಿ ನಿಂತು ಆ ಜೀವಗಳು ತಾವೇ ಮಾತನಾಡುವಂತೆ ಮಾಡಲು ಯತ್ನಿಸಿರುವುದಾಗಿ ತಿಳಿಸಿದ್ದಾರೆ.

ಮಾತಾಜಿಯವರ ಅಧ್ಯಾಯದ ಗುಣಗಳನ್ನು ಮೊದಲು ಹೇಳಬೇಕು. ಕೇಶಲೋಚ, ಏಕಭುಕ್ತ, ಪಿಂಛಿಯಿಂದ ನೆಲ ಗುಡಿಸಿ ನಡೆಯುವುದು, ಇವುಗಳನ್ನು ಹೊರಗಿನವರು ವಿಚಿತ್ರ ವಸ್ತುಗಳಂತೆ ಚಿತ್ರಿಸುವುದು ವಾಡಿಕೆ. ಇಲ್ಲಿ ಅವುಗಳ ಕಾರಣವನ್ನು ಆಚರಿಸುವವರೇ ವಿವರಿಸುತ್ತಾರೆ. ಸಲ್ಲೇಖನವು ಆತ್ಮಹತ್ಯೆಯಲ್ಲವೆಂಬುದನ್ನು ಮಾತಾಜಿಯವರು ತಮ್ಮ ಸರಳ ವಾಕ್ಯಗಳಲ್ಲಿ ಹೇಳಿದ್ದಾರೆ. ರಾಜಸ್ಥಾನದ ಉಚ್ಚ ನ್ಯಾಯಾಲಯವು ಆಗಸ್ಟ್ 2015ರಲ್ಲಿ ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿ, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತಷ್ಟೆ. ಆ ದಿನಗಳಲ್ಲಿ ವಾಹಿನಿಗಳಲ್ಲಿ ಕೇಳಿಬಂದ ಗದ್ದಲದ ಎದುರು ಈ ಅಧ್ಯಾಯದ ಶಾಂತವಾದ ಧ್ವನಿ ಎಷ್ಟೋ ಮೇಲು. ಅಪಹಾಸ್ಯವಿಲ್ಲ, ಆತುರವಿಲ್ಲ, ಕೇಳುವ ಕಿವಿಗೆ ಗೌರವವಿದೆ.

ದೋಷವಿರುವುದು ರೂಪದಲ್ಲಿ. ಪತ್ರಿಕಾಲೇಖನದ ರೂಪಕ್ಕೆ ಜೀವನಚರಿತ್ರೆ ಬೇಕು: ಶ್ರೀಮಂತ ಮನೆ, ಮುದ್ದಿನ ಬಾಲ್ಯ, ತಂದೆತಾಯಿಗಳ ದುಃಖ, ದೀಕ್ಷೆ. ದೀಕ್ಷಾವಿಧಿ ಬಯಸುವುದು ಇದಕ್ಕೆ ವಿಪರೀತವಾದದ್ದನ್ನು. ಹೆಸರು, ಮನೆ, ಕೇಶ, ವಸ್ತ್ರಾಭರಣಗಳೊಡನೆ ‘ನಾನು ಯಾರಾಗಿದ್ದೆ’ ಎಂಬುದನ್ನೂ ಅಲ್ಲಿ ಬಿಡಲಾಗುತ್ತದೆ. ಬಿಟ್ಟದ್ದನ್ನು ಮತ್ತೆ ಕೈಗೆ ಕೊಡುವ ಪ್ರಶ್ನೆ ಎಷ್ಟೇ ವಿನಯದಿಂದ ಕೇಳಲ್ಪಟ್ಟರೂ ಭಾರವಾದದ್ದೇ. ಅಧ್ಯಾಯದ ಮರ್ಮಸ್ಥಾನವಾದರೂ ಇದಕ್ಕಿಂತ ಸೂಕ್ಷ್ಮ. ಮಾತಾಜಿಯವರೊಡನೆ ಬಹುಕಾಲ ವಿಹರಿಸಿದ ಸಹಸಾಧ್ವಿಯೊಬ್ಬರು ಕ್ಷಯರೋಗಪೀಡಿತರಾಗಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದರು. ಅವರ ಅಗಲಿಕೆಯಲ್ಲಿ ತಾವು ಕಣ್ಣೀರು ತಡೆಯಲಾರದೆ ಹೋದದ್ದನ್ನು, ರಾಗವನ್ನು ಗೆಲ್ಲಬೇಕಾದವರಿಗೆ ಅದು ಸಲ್ಲದೆಂದು ಬಲ್ಲರೂ ಅತ್ತದ್ದನ್ನು ಮಾತಾಜಿಯವರು ಹೇಳಿಕೊಂಡಿದ್ದಾರೆ. ಕೊನೆಯಲ್ಲಿ ತಾವೂ ಅದೇ ಹಾದಿಯನ್ನು ಹಿಡಿದಿರುವುದನ್ನು ತಿಳಿಸುತ್ತಾರೆ. ಓದುಗರ ಎದೆ ತುಂಬಿಬರುವುದು ಇಲ್ಲಿಯೇ. ಲೋಕದ ಓದುಗರಿಗೆ ಅದು ಮಾನವೀಯವಾದ ಕ್ಷಣ. ಜೈನ ಓದುಗರಿಗೆ ಅದು ಆಲೋಚನೆ, ಗುರುಸನ್ನಿಧಿಯಲ್ಲಿ ನಡೆಯತಕ್ಕ ದೋಷನಿವೇದನೆ. ಆ ನಿವೇದನೆ ಪುಸ್ತಕದಂಗಡಿಯ ಕಪಾಟಿಗೆ ಬಂದಿತು.

ಆಲೋಚನೆಯನ್ನು ಕೇಳುವವನು ಹೇಗಿರಬೇಕೆಂಬುದನ್ನು ಶಿವಾರ್ಯರು ಭಗವತೀ ಆರಾಧನೆಯಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಅವರು ಎಣಿಸುವ ನಿರ್ಯಾಪಕಾಚಾರ್ಯನ ಗುಣಗಳಲ್ಲಿ ಎರಡು ಇಲ್ಲಿ ನೆನೆಯತಕ್ಕವು. ಅವನು ಅವಪೀಡಕನಾಗಿರಬೇಕು, ಕ್ಷಪಕನು ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಹೊರತೆಗೆಸುವ ದೃಢತೆ ಅವನಲ್ಲಿರಬೇಕು. ಅಳುವ ಮಗುವಿನ ಬಾಯಿ ತೆರೆದು ತುಪ್ಪ ಕುಡಿಸುವ ತಾಯಿಯಂತೆ ಎಂಬುದು ಅಲ್ಲಿಯ ಹೋಲಿಕೆ. ಜೊತೆಗೆ ಅವನು ಅಪರಿಸ್ರಾವಿಯಾಗಿರಬೇಕು, ಎಂದರೆ ಸೋರದವನಾಗಿರಬೇಕು. ಕಾದ ಕಬ್ಬಿಣವು ಕುಡಿದ ನೀರು ಹೇಗೆ ಮತ್ತೆ ಹೊರಗೆ ಬರುವುದಿಲ್ಲವೋ ಹಾಗೆ ಕೇಳಿದ ದೋಷ ಅವನಿಂದ ಹೊರಗೆ ಹೋಗಕೂಡದು. ಸಮರ್ಥ ಪತ್ರಕರ್ತನಲ್ಲಿ ಮೊದಲ ಗುಣ ಧಾರಾಳವಾಗಿ ಇರುತ್ತದೆ. ಸಹಾನುಭೂತಿಯ ಮೌನದಿಂದ, ಸರಿಯಾದ ಹೊತ್ತಿಗೆ ಕೇಳಿದ ಪ್ರಶ್ನೆಯಿಂದ ಯಾರ ಎದೆಯನ್ನಾದರೂ ತೆರೆಯಿಸಬಲ್ಲವನು ಅವನು. ಎರಡನೆಯ ಗುಣವಿರಲು ಅವನ ವೃತ್ತಿಯೇ ಎಡೆಗೊಡುವುದಿಲ್ಲ, ಏಕೆಂದರೆ ಅವನು ಕೇಳುವುದೇ ಹೊರಗೆ ಹಾಕುವುದಕ್ಕಾಗಿ. ಎರಡು ಗುಣಗಳೂ ಒಬ್ಬನಲ್ಲಿಯೇ ಇರಬೇಕೆಂದು ಶಿವಾರ್ಯರು ಏಕೆ ಕಟ್ಟುಮಾಡಿದರೆಂಬುದು ಈಗ ಸ್ಪಷ್ಟವಾಗುತ್ತದೆ. ತೆರೆಯಿಸುವ ಶಕ್ತಿಗೆ ಕಾಯುವ ಹೊಣೆಯಿಲ್ಲದಿದ್ದರೆ ತೆರೆದುಕೊಂಡವನಿಗೆ ಶಲ್ಯ ಕಳೆಯುವುದಿಲ್ಲ, ಹೊಸತೊಂದು ನೆಡುತ್ತದೆ.

ಇದಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆ ಪರರ ನೋವಿನ ಕಥೆಗಳ ಸಂಗ್ರಹವೇ ಅಲ್ಲವೇ? ಭಗವತೀ ಆರಾಧನೆಯ ಗಾಹೆಗಳನ್ನು ಆಧರಿಸಿದ ಆ ಹತ್ತೊಂಬತ್ತು ಕಥೆಗಳಲ್ಲಿ ಉಪಸರ್ಗಗಳ ವರ್ಣನೆ ಮುಚ್ಚುಮರೆಯಿಲ್ಲದೆ ಇದೆ. ಸುಕುಮಾರಸ್ವಾಮಿಯ ದೇಹವನ್ನು ನರಿ ತಿನ್ನುವ ಪ್ರಸಂಗವನ್ನು ಓದಿ ನಡುಗದವರಿಲ್ಲ. ಆದರೆ ಆ ಕಥೆಗಳನ್ನು ಹೇಳಿದ್ದು ಯಾರಿಗೆ? ಸಂಸ್ತರದ ಮೇಲೆ ಮಲಗಿ ಹಸಿವು ಬಾಯಾರಿಕೆಗಳೊಡನೆ ಹೋರಾಡುತ್ತಿರುವ ಕ್ಷಪಕನಿಗೆ, ಅವನ ಧೈರ್ಯಕ್ಕೆ ಕವಚವಾಗಲೆಂದು. ಅಲ್ಲಿ ನೋವು ಹಿಂದೆ ಅನುಭವಿಸಿದವನಿಂದ ಈಗ ಅನುಭವಿಸುತ್ತಿರುವವನ ಕಡೆಗೆ ಹರಿಯುತ್ತದೆ. ಪತ್ರಿಕೆಯಲ್ಲಿ ಅದು ಅನುಭವಿಸುತ್ತಿರುವವನಿಂದ ಬೆಳಗಿನ ಕಾಫಿಯೊಡನೆ ಓದುವವನ ಕಡೆಗೆ ಹರಿಯುತ್ತದೆ. ಓದಿದವನು ಮರುಗಿ, ಪುಟ ತಿರುವಿ, ಏನೂ ಮಾಡದೆ ಎದ್ದುಹೋಗಲು ಸ್ವತಂತ್ರ.

ಹಾಗಾದರೆ ಗಣಿನಾಡಿನ ನೋವನ್ನು ಬರೆಯುವ ದಾರಿ ಯಾವುದು? ಸಂಡೂರಿನಲ್ಲಿಯೇ ಹುಟ್ಟಿದ ವಸುಧೇಂದ್ರರ ‘ಕೆಂಪು ಗಿಣಿ’ ಎಂಬ ಕಥೆ ಒಂದು ದಾರಿಯನ್ನು ತೋರಿಸಿದೆ. ಗಣಿಯ ಧೂಳು ಊರಿನ ಬದುಕನ್ನು ಬಣ್ಣಗೆಡಿಸಿದ ಬಗೆ ಅದರಲ್ಲಿದೆ. ಓದಿದವರಿಗೆ ಸಂಡೂರಿನ ಸಂಕಟ ತಲುಪುತ್ತದೆ. ಆದರೆ ಯಾವ ನಿಜವಾದ ಮನೆಯ ಬಾಗಿಲೂ ಅದರಿಂದ ತೆರೆದುಕೊಳ್ಳುವುದಿಲ್ಲ. ಕಲ್ಪನೆಯು ಇಲ್ಲಿ ಸತ್ಯಕ್ಕೆ ಹೊದಿಕೆಯಾಗಿದೆ. ಅದೇ ಲೇಖಕರು ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಎಂಬ ಸಂಕಲನದಲ್ಲಿ ತಮ್ಮ ಮನೆಯನ್ನು, ತಾಯಿಯನ್ನು ನೇರವಾಗಿ ಬರೆದರು; ಅಲ್ಲಿ ಬಾಗಿಲು ತೆರೆದವನು ಮನೆಯ ಮಗನೇ. ವರದಿಗಾರನಿಗೆ ಕಲ್ಪನೆಯ ಹೊದಿಕೆಯೂ ಇಲ್ಲ, ಮಗನ ಅಧಿಕಾರವೂ ಇಲ್ಲ. ಅವನಿಗೆ ಉಳಿಯುವುದು ಹೇಳಿದವರ ಅನುಮತಿಯೊಂದೇ. ಆದ್ದರಿಂದಲೇ ಆ ಅನುಮತಿ ಹೇಗೆ ದೊರೆಯಿತೆಂಬುದು ಅವನ ಬರಹದ ಪ್ರಧಾನ ಪ್ರಶ್ನೆಯಾಗಬೇಕು.

ಅನುಮತಿಯ ವಿಷಯದಲ್ಲಿ ಆಚಾರ್ಯರ ಮೂರನೆಯ ಮಾತೊಂದು ಬೆಳಕು ನೀಡುತ್ತದೆ. ಸತ್ಯವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನ್ಯಾಸವೆಂದರೆ ನಂಬಿ ಇರಿಸಿದ ಒಡವೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತ ಕೊಡುವ ಸಂದರ್ಭ ಬಹು ಮಾರ್ಮಿಕವಾದದ್ದು. ಒಡವೆ ಇರಿಸಿದವನು ಎಣಿಕೆಯನ್ನು ಮರೆತು, ತಾನಿಟ್ಟದ್ದಕ್ಕಿಂತ ಕಡಿಮೆಯನ್ನು ಕೇಳುತ್ತಾನೆ. ಇರಿಸಿಕೊಂಡವನು ‘ಹಾಗೆಯೇ ಆಗಲಿ’ ಎಂದು ಅಷ್ಟನ್ನೇ ಕೊಟ್ಟು ಸುಮ್ಮನಾಗುತ್ತಾನೆ. ಅಲ್ಲಿ ಕದ್ದವನು ಕೈ ಹಾಕಲಿಲ್ಲ. ಇನ್ನೊಬ್ಬನ ಮರೆವನ್ನು ತಿದ್ದಲಿಲ್ಲ, ಅಷ್ಟೇ. ತನ್ನ ಬಾಳನ್ನು ಹೇಳಿಕೊಂಡ ಸಂಡೂರಿನ ಹೆಣ್ಣುಮಗಳೂ ಹೀಗೆಯೇ ಎಣಿಕೆ ಮರೆತವಳು. ಎರಡು ಗಂಟೆ ಅತ್ತು ಹೇಳಿದ ಮೇಲೆ ಏನೇನು ಹೇಳಿದೆನೆಂಬುದು ಅವಳಿಗೆ ನೆನಪಿರುವುದಿಲ್ಲ. ಮಗಳ ಮದುವೆಯ ಮಾತು, ಅಳಿಯನ ಊರು, ತನ್ನ ಕಾಯಿಲೆಯ ಹೆಸರು, ಎಲ್ಲವೂ ಮಾತಿನ ಓಟದಲ್ಲಿ ಹೊರಬಿದ್ದಿರುತ್ತದೆ. ಪೂರ್ಣ ಲೆಕ್ಕವಿರುವುದು ಕೇಳಿದವನ ಪುಸ್ತಕದಲ್ಲಿ, ಧ್ವನಿಯಂತ್ರದಲ್ಲಿ. ‘ನೀವೇ ಹೇಳಿದಿರಲ್ಲ’ ಎನ್ನುವುದು ಅವನಿಗೆ ಸುಲಭ. ‘ಇಷ್ಟನ್ನೆಲ್ಲ ನೀವು ನನ್ನಲ್ಲಿ ಇರಿಸಿದ್ದೀರಿ, ಇದರಲ್ಲಿ ಯಾವುದು ನಿಮಗೆ ಮರಳಿ ಬೇಕು?’ ಎಂದು ಕೇಳುವುದು ಪ್ರಾಮಾಣಿಕ. ಬರೆದದ್ದನ್ನು ಅಚ್ಚಿಗೆ ಮೊದಲು ಅವಳ ಭಾಷೆಯಲ್ಲಿ ಓದಿ ಹೇಳಿ, ಬೇಡವೆಂದ ಭಾಗವನ್ನು ಬಿಡುವವನೇ ನ್ಯಾಸವನ್ನು ಕಾಯ್ದವನು.

ದೇಶದ ಕಾನೂನು ಈ ದಿಕ್ಕಿನಲ್ಲಿ ಸ್ವಲ್ಪ ದೂರ ನಡೆದಿದೆ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು ಅಪರಾಧ. 2012ರ ಪೋಕ್ಸೋ ಕಾಯ್ದೆ ಮತ್ತು 2015ರ ಬಾಲನ್ಯಾಯ ಕಾಯ್ದೆಗಳು ಮಕ್ಕಳ ಗುರುತಿಗೆ ರಕ್ಷಣೆ ನೀಡಿವೆ. ಏಡ್ಸ್ ಪೀಡಿತರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾಯ್ದೆ ತಡೆದಿದೆ. ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಆಗಸ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಆದರೆ ಕಾನೂನು ಹೆಸರನ್ನು ಮರೆಸಬಲ್ಲುದು. ಊರು, ಓಣಿ, ಕಸುಬು, ಮಕ್ಕಳ ಸಂಖ್ಯೆಗಳನ್ನು ಬರೆದು ಹೆಸರೊಂದನ್ನು ಬದಲಿಸಿದರೆ ಪರದೇಶದ ಓದುಗನಿಗೆ ಅವಳು ಅಪರಿಚಿತೆ, ಪಕ್ಕದ ಮನೆಯವರಿಗೆ ಅಲ್ಲ. ಅವಳು ಬಾಳಬೇಕಾದದ್ದು ಪಕ್ಕದ ಮನೆಯವರ ನಡುವೆಯೇ.

ಇಷ್ಟನ್ನೂ ಪತ್ರಕರ್ತರ ಮೇಲೆ ಹೊರಿಸಿ ಸಮಾಜವು ಕೈ ತೊಳೆದುಕೊಳ್ಳುವಂತಿಲ್ಲ. ಬಸದಿಗಳ ಆಡಳಿತ ಮಂಡಳಿಗಳು, ಸೇವಾಸಂಸ್ಥೆಗಳು ಪ್ರಕಟಿಸುವ ವಾರ್ಷಿಕ ವರದಿಗಳನ್ನೂ ಸ್ಮರಣಸಂಚಿಕೆಗಳನ್ನೂ ತೆರೆದು ನೋಡುವುದು ಒಳ್ಳೆಯದು. ಹೊಲಿಗೆಯಂತ್ರ ಪಡೆದ ವಿಧವೆಯ ಭಾವಚಿತ್ರ, ವಿದ್ಯಾರ್ಥಿವೇತನ ಪಡೆದ ಹುಡುಗನ ಹೆಸರು, ತಂದೆಯ ಹೆಸರು, ಊರು, ಚಿಕಿತ್ಸೆಗೆ ನೆರವು ಪಡೆದವರ ರೋಗದ ವಿವರ, ಇವೆಲ್ಲ ದಾನಿಗಳ ಭಾವಚಿತ್ರದ ಕೆಳಗೆ ಅಂದವಾಗಿ ಅಚ್ಚಾಗುತ್ತವೆ. ವೇದಿಕೆಯ ಮೇಲೆ ಚೆಕ್ ಹಿಡಿದು ನಿಂತ ಆ ಹೆಣ್ಣುಮಗಳ ತಗ್ಗಿದ ಕಣ್ಣುಗಳನ್ನು ಕಂಡು ಅವಳ ಮನಸ್ಸನ್ನು ಅರಿಯದವರಾರು? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರನ್ನು ಕೊಡುವ ಕೈ ನಾಲ್ಕನೆಯದನ್ನು ಕಸಿದುಕೊಂಡರೆ ದಾನ ಪೂರ್ಣವಾಗುವುದೆಂತು? ತನ್ನ ಬಡತನ ಊರಿಗೆ ತಿಳಿಯದೆಂಬ ನೆಮ್ಮದಿಯೂ ಅಭಯವೇ.

ತ್ಯಾಗಿಗಳ ವಿಷಯದಲ್ಲಿ ಟ್ರಸ್ಟುಗಳ ಹೊಣೆ ಇನ್ನೂ ಹೆಚ್ಚಿನದು. ಚಾತುರ್ಮಾಸದಲ್ಲಿ, ಮಸ್ತಕಾಭಿಷೇಕದ ಸಂದರ್ಭದಲ್ಲಿ ಪತ್ರಕರ್ತರು ಬಂದಾಗ ಪ್ರಚಾರವಾಗಲೆಂಬ ಉತ್ಸಾಹದಿಂದ ಅವರನ್ನು ನೇರವಾಗಿ ಆರ್ಯಿಕೆಯರ, ಕ್ಷುಲ್ಲಿಕೆಯರ ಸನ್ನಿಧಿಗೆ ಕರೆದೊಯ್ಯುವುದು ವಾಡಿಕೆಯಾಗಿದೆ. ಸಲ್ಲೇಖನ ಸ್ವೀಕರಿಸಿದವರ ಕೊಠಡಿಗೆ ಛಾಯಾಗ್ರಾಹಕರನ್ನು ಬಿಡುವುದಂತೂ ಯಾವ ಪ್ರಭಾವನೆಗೂ ಸಲ್ಲದು. ಧರ್ಮದ ತತ್ತ್ವವನ್ನು, ಕ್ಷೇತ್ರದ ಇತಿಹಾಸವನ್ನು, ಸಂಸ್ಥೆಯ ಆಯವ್ಯಯವನ್ನು ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಲೆಕ್ಕಪತ್ರವನ್ನು ಮುಚ್ಚಿಟ್ಟು ಕಣ್ಣೀರನ್ನು ತೋರಿಸುವುದು ತಲೆಕೆಳಗಾದ ಕ್ರಮ. ವ್ಯಕ್ತಿಯ ಬಾಳನ್ನು ಕೇಳಿದವರಿಗೆ, ಆ ವ್ಯಕ್ತಿ ಒಪ್ಪಬಹುದು, ಒಪ್ಪದಿರಬಹುದು, ಒಪ್ಪಿದ ಮೇಲೂ ಹಿಂದೆಗೆಯಬಹುದು ಎಂಬುದನ್ನು ಮೊದಲೇ ತಿಳಿಸಬೇಕು. ಅವರ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ಯಾವ ಆಡಳಿತ ಮಂಡಳಿಗೂ ಇಲ್ಲ.

ದೋಣಿಮಲೈಯ ಗಣಿ 2018ರ ನವೆಂಬರಿನಲ್ಲಿ ಗುತ್ತಿಗೆಯ ವಿವಾದದಿಂದ ನಿಂತು, 2021ರಲ್ಲಿ ಮತ್ತೆ ಆರಂಭವಾಯಿತು. ಬೆಟ್ಟದಿಂದ ತೆಗೆದ ಅದಿರಿಗೆ ತೂಕವಿದೆ, ರಹದಾರಿಯಿದೆ, ರಾಜಧನವಿದೆ. ಮೀರಿದರೆ ಕೇಳುವವರಿದ್ದಾರೆ ಎಂಬ ಮಟ್ಟಿಗೆ ವ್ಯವಸ್ಥೆ ಬಂದಿದೆ. ಬೆಟ್ಟದ ಕೆಳಗಿನ ಮನೆಗಳಿಂದ ತೆಗೆದ ಕಥೆಗಳಿಗೆ ಇನ್ನೂ ತೂಕದ ಕಟ್ಟೆಯಿಲ್ಲ. ಆ ಕಟ್ಟೆಯನ್ನು ಕಾನೂನಿಗಿಂತ ಮೊದಲು ಕೇಳುವವನ ಮನಸ್ಸಿನಲ್ಲಿ, ಓದುವವನ ಮನಸ್ಸಿನಲ್ಲಿ ಕಟ್ಟಬೇಕಾಗಿದೆ. ಓದುಗನೂ ಇದರಲ್ಲಿ ಪಾಲುಗಾರ, ಏಕೆಂದರೆ ಕೃತದಂತೆ ಕಾರಿತವೂ ಅನುಮೋದನೆಯೂ ಆಸ್ರವಕ್ಕೆ ದ್ವಾರವೆಂದು ಶಾಸ್ತ್ರ ಹೇಳುತ್ತದೆ. ಪರರ ಏಕಾಂತವನ್ನು ಬಿಚ್ಚಿಟ್ಟ ಪುಟವನ್ನು ರುಚಿಯಿಂದ ಓದಿ, ಇನ್ನೊಬ್ಬರಿಗೆ ಓದಲು ಕೊಟ್ಟವನು ಅದನ್ನು ಅನುಮೋದಿಸಿದಂತೆಯೇ. ಕಬ್ಬಿಣದ ನಾಡಿನ ಜನರಿಗೆ ಕಾದ ಕಬ್ಬಿಣದ ಆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಡಿದ ನೀರನ್ನು ಅದು ಯಾರಿಗೂ ತೋರಿಸುವುದಿಲ್ಲ.